ಗುರುವಾರ ರಾತ್ರಿಯ ಪೆಟ್ಟಿಗೆಗಳು

ಎಲ್ಲರಿಗೂ ನಮಸ್ಕಾರ. ಹೋದ ವಾರ ನಮ್ಮ ಕನ್ನಡದವರ ಈ ಗುಂಪಿನಲ್ಲಿ ಒಬ್ಬರು ಕೇಳಿದ್ದರು, "ಮಕ್ಕಳಿಗೆ ಕೊಡೋ ಬುದ್ಧಿ ಹೇಗೆ ಕಲಿಸೋದು? ಆಡದೆ ಬಿಟ್ಟ ಆಟದ ಸಾಮಾನನ್ನೂ ಬೇರೆಯವರಿಗೆ ಕೊಡೋಕೆ ಬಿಡಲ್ಲ" ಅಂತ. ಎರಡು ಸಾಲು ಬರೆಯೋಣ ಅಂತ ಕೂತೆ. ಉದ್ದ ಆಗಿದೆ, ಕೊನೆಯಲ್ಲಿ ನಮ್ಮವರಿಗಾಗಿ ಒಂದು ಸಣ್ಣ ನಿಧಿಯ ಮಾತೂ ಇದೆ, ಬಿಡುವು ಮಾಡಿಕೊಂಡು ಓದಿ.

ನಾವು ನ್ಯೂಜೆರ್ಸಿಯ ಬರ್ಗನ್ ಕೌಂಟಿಗೆ ಬಂದು 11 ವರ್ಷ ಆಯಿತು. ನಮ್ಮ ಬೀದಿಯಲ್ಲಿ ಯಹೂದಿಗಳ ಮನೆಗಳೇ ಜಾಸ್ತಿ. ಶನಿವಾರ ಅವರು ಕಾರು ಮುಟ್ಟುವುದಿಲ್ಲ. ಅಜ್ಜ, ಮೊಮ್ಮಕ್ಕಳು, ತಳ್ಳುಗಾಡಿಯಲ್ಲಿ ಕೂಸು, ಎಲ್ಲರೂ ತಮ್ಮ ಪ್ರಾರ್ಥನಾ ಮಂದಿರವಾದ ಸಿನಗಾಗ್‌ಗೆ ನಡೆದುಕೊಂಡೇ ಹೋಗುತ್ತಾರೆ. ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಇದ್ದಾರೆ. ಕಳೆದ ಚಳಿಗಾಲದಲ್ಲಿ ಅವರಿಗೆ ಮೊಣಕಾಲು ನೋವು ಶುರುವಾಯಿತು. "ನಿನ್ನ ಮಗನನ್ನು ಗುರುವಾರ ರಾತ್ರಿ ಒಂದು ಗಂಟೆ ಕಳಿಸ್ತೀಯಾ? ಪೆಟ್ಟಿಗೆ ಎತ್ತೋಕೆ ಒಂದು ಕೈ ಬೇಕು" ಅಂದರು. ಮಗನಿಗೆ ಆಗ 13 ವರ್ಷ. ಅವನ ಜೊತೆ ನಾನೂ ಹೋದೆ.

ಒಂದು ಗೋಡೌನಿನಂಥ ಜಾಗ. ಉದ್ದಕ್ಕೆ ಮೇಜುಗಳು. ಸಾಲಾಗಿ ನಿಂತವರು ಬಾಳೆಹಣ್ಣು ಬರುವ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ತುಂಬಿಸುತ್ತಿದ್ದರು. ಹೆಣೆದ ಜಡೆಯಂಥ ಖಲಾ ಬ್ರೆಡ್ ಎರಡು, ಒಂದು ಕೋಳಿ, ದ್ರಾಕ್ಷಿ ರಸದ ಬಾಟಲಿ, ಕ್ಯಾರೆಟ್, ಈರುಳ್ಳಿ, ಮೊಟ್ಟೆ. ಶುಕ್ರವಾರ ಸೂರ್ಯ ಮುಳುಗುವ ಹೊತ್ತಿಗೆ ಶಬ್ಬಾತ್, ಅಂದರೆ ಅವರ ವಾರದ ವಿಶ್ರಾಂತಿಯ ದಿನ, ಶುರು. ಆ ರಾತ್ರಿ ಯಾವ ಮನೆಯ ಊಟದ ಮೇಜೂ ಖಾಲಿ ಇರಬಾರದು ಅನ್ನುವುದೇ ಈ ಕೆಲಸದ ಉದ್ದೇಶ. ತೊಮ್ಖೇ ಶಬ್ಬೋಸ್ ಅಂತ ಕರೆಯುತ್ತಾರೆ. ಶಬ್ಬಾತಿಗೆ ಆಸರೆ ಆದವರು ಅಂತ ಅರ್ಥ. ಅಮೆರಿಕದಲ್ಲಿ ಯಹೂದಿಗಳು ಜಾಸ್ತಿ ಇರುವ ಎಷ್ಟೋ ಊರುಗಳಲ್ಲಿ ಇದೇ ಹೆಸರಿನ ಗುಂಪುಗಳಿವೆ.

ನಮ್ಮ ಕೈಗೆ ಒಂದು ಚೀಟಿ ಕೊಟ್ಟರು. ಅದರಲ್ಲಿ ವಿಳಾಸ ಮಾತ್ರ ಇತ್ತು, ಹೆಸರುಗಳಿರಲಿಲ್ಲ. ಮನೆ ಬಂದ ಕೂಡಲೇ ಅಜ್ಜಿ ಹೆಡ್‌ಲೈಟ್ ಆರಿಸುತ್ತಿದ್ದರು. ಮಗ ಮೆಲ್ಲಗೆ ಹೋಗಿ ಬಾಗಿಲ ಮುಂದೆ ಪೆಟ್ಟಿಗೆ ಇಟ್ಟು ಬರಬೇಕು. ಬೆಲ್ ಒತ್ತುವ ಹಾಗಿಲ್ಲ. ಕೊಟ್ಟವರ ಮುಖ ನೋಡುವ ಮುಜುಗರ ಆ ಮನೆಯವರಿಗೆ ಬರಬಾರದು, ಅದಕ್ಕೆ.

ನಾಲ್ಕನೆಯ ಮನೆಗೆ ಹೋಗಿ ಬಂದವನು ಕಾರಿನಲ್ಲಿ ಕೂತು ಸುಮ್ಮನಾಗಿಬಿಟ್ಟ. ಆಮೇಲೆ ನನ್ನ ಕಿವಿಯಲ್ಲಿ ಕನ್ನಡದಲ್ಲೇ ಹೇಳಿದ, "ಅಮ್ಮಾ, ಅದು ನನ್ನ ಚೆಸ್ ಕ್ಲಾಸಿನ ಹುಡುಗನ ಮನೆ." ಅಜ್ಜಿಗೆ ಭಾಷೆ ಗೊತ್ತಿಲ್ಲದಿದ್ದರೂ ವಿಷಯ ತಿಳಿಯಿತು. ಕನ್ನಡಿಯಲ್ಲಿ ಅವನ ಮುಖ ನೋಡಿ, "ಈ ಬೀದಿ ನಿನಗೆ ಮರೆತುಹೋಗಿದೆ, ಅಲ್ವಾ?" ಅಂದರು. ಅವನು ತಲೆ ಆಡಿಸಿದ. ಅವತ್ತಿನಿಂದ ಇವತ್ತಿನವರೆಗೂ ಆ ಹುಡುಗನ ಮಾತು ನಮ್ಮ ಮನೆಯಲ್ಲಿ ಅವನು ತೆಗೆದಿಲ್ಲ. ಅಪ್ಪನಿಗೂ ಹೇಳಿಲ್ಲ. ನಾನು ಹತ್ತು ವರ್ಷ ಉಪದೇಶ ಮಾಡಿದ್ದರೂ ಇದು ಬರುತ್ತಿರಲಿಲ್ಲ.

ಅದು ಬಡವರ ಕೇರಿಯೇನೂ ಅಲ್ಲ. ಎರಡು ಕಾರು ನಿಂತ ಮನೆಗಳೂ ಆ ಚೀಟಿಯಲ್ಲಿದ್ದವು. ನನಗೆ ಆಶ್ಚರ್ಯವಾಗಿ ಕೇಳಿದೆ. ಅಜ್ಜಿ ಬಿಡಿಸಿ ಹೇಳಿದರು. ಮಕ್ಕಳನ್ನು ಯಹೂದಿ ಶಾಲೆಗೇ ಕಳಿಸುತ್ತಾರೆ, ಅದರ ಫೀಸು ಬಹಳ. ಕೋಷರ್, ಅಂದರೆ ಅವರ ಧರ್ಮದ ನಿಯಮದಂತೆ ಮಾಡಿದ ಮಾಂಸ, ಚೀಸ್ ಮಾಮೂಲಿಗಿಂತ ದುಬಾರಿ. ಮನೆ ಸಾಲ ಇದ್ದೇ ಇದೆ. ಒಂದು ಕೆಲಸ ಹೋದರೆ, ಒಂದು ಕಾಯಿಲೆ ಬಂದರೆ ಸಾಕು, ಕುಸಿಯುತ್ತಾರೆ. ಪಾಸೋವರ್ ಹಬ್ಬ ಬಂದರಂತೂ ಇನ್ನೂ ಕಷ್ಟ. ಹುದುಗು ಬಂದದ್ದನ್ನೆಲ್ಲ ಮನೆಯಿಂದ ತೆಗೆದು, ಎಂಟು ದಿನಕ್ಕೆ ಬೇರೆ ಸಾಮಾನೇ ತರಬೇಕು. ಅದಕ್ಕಾಗಿಯೇ ಹಬ್ಬದ ಮುಂಚೆ ಹಣ ಎತ್ತುವ ಹಳೆಯ ಪದ್ಧತಿ ಇದೆ. 'ಮಾಓತ್ ಖಿತ್ತೀಮ್', ಅಂದರೆ ಗೋಧಿಯ ದುಡ್ಡು.

ಇದನ್ನೆಲ್ಲ ಅವರು ತ್ಸೆದಾಕಾ ಅನ್ನುತ್ತಾರೆ. ನಾನು ಅದನ್ನು ದಾನ ಅಂತಲೇ ತಿಳಿದಿದ್ದೆ. ಆದರೆ ಆ ಮಾತು ಹುಟ್ಟಿದ್ದು 'ನ್ಯಾಯ' ಅನ್ನುವ ಪದದಿಂದ. ಇಲ್ಲದವನಿಗೆ ಅದು ಸಲ್ಲಬೇಕಾದ್ದು. ಕೊಡದಿದ್ದರೆ ಬಾಕಿ ಉಳಿಸಿಕೊಂಡ ಹಾಗೆ. ಇನ್ನೊಂದು ಮಾತು ನನ್ನ ಮನಸ್ಸಿಗೆ ತುಂಬಾ ನಾಟಿತು. ತ್ಸೆದಾಕಾ ಪಡೆದು ಬದುಕುವವನೂ ಸ್ವಲ್ಪ ತ್ಸೆದಾಕಾ ಕೊಡಬೇಕು ಅಂತ ಅವರ ಧರ್ಮಶಾಸ್ತ್ರ ಹೇಳುತ್ತದೆ. ಪೆಟ್ಟಿಗೆ ಪಡೆಯುವ ಮನೆಯವರೇ ಕೆಲವರು ಬುಧವಾರ ಬಂದು ತರಕಾರಿ ವಿಂಗಡಿಸುತ್ತಾರಂತೆ. ಅವರು ಯಾರು ಅಂತ ಪಕ್ಕದಲ್ಲಿ ನಿಂತವರಿಗೂ ಗೊತ್ತಾಗುವುದಿಲ್ಲ.

ನಮ್ಮಲ್ಲಿ ಶರಣರು ದಾಸೋಹದ ಮಾತಾಡುತ್ತಿದ್ದ ಅದೇ 12ನೇ ಶತಮಾನದಲ್ಲಿ ಈಜಿಪ್ಟಿನಲ್ಲಿ ಮೈಮೊನಿಡಿಸ್ ಅನ್ನುವ ವಿದ್ವಾಂಸರಿದ್ದರು, ವೈದ್ಯರೂ ಹೌದು. ಕೊಡುವುದಕ್ಕೆ ಎಂಟು ಮೆಟ್ಟಿಲು ಅಂತ ಅವರು ಬರೆದಿಟ್ಟರು. ಮುಖ ಗಂಟು ಹಾಕಿಕೊಂಡು ಕೊಡುವುದು ಎಲ್ಲಕ್ಕಿಂತ ಕೆಳಗೆ. ಕೊಟ್ಟವರು ಯಾರು, ಪಡೆದವರು ಯಾರು ಅಂತ ಇಬ್ಬರಿಗೂ ತಿಳಿಯದೆ ಇರುವುದು ಮೇಲಿನಿಂದ ಎರಡನೆಯದು. ಅದೇ ಮೇಲಿನದು ಅಂತ ನಾನು ಅಂದುಕೊಂಡಿದ್ದೆ. ಅಲ್ಲ. ಬೀಳುತ್ತಿರುವವನ ಕೈ ಹಿಡಿದು ಸಾಲ ಕೊಡುವುದು, ವ್ಯಾಪಾರದಲ್ಲಿ ಪಾಲುದಾರನಾಗಿ ಸೇರಿಸಿಕೊಳ್ಳುವುದು, ಕೆಲಸ ಹುಡುಕಿಕೊಡುವುದು ಎಲ್ಲಕ್ಕಿಂತ ಮೇಲು. ಅವನು ಇನ್ನೊಬ್ಬರ ಮುಂದೆ ಕೈ ಚಾಚುವ ಹಾಗೆ ಆಗಬಾರದು.

ಈ ಮೇಲಿನ ಮೆಟ್ಟಿಲನ್ನೇ ಹಿಡಿದು ನಿಂತ ಸಂಸ್ಥೆ ನ್ಯೂಯಾರ್ಕಿನ ಹೀಬ್ರೂ ಫ್ರೀ ಲೋನ್ ಸೊಸೈಟಿ. 1892ರಲ್ಲಿ ಅಲ್ಲಿನ ಲೋವರ್ ಈಸ್ಟ್ ಸೈಡ್ ಬಡಾವಣೆಯಲ್ಲಿ ಕೆಲವರು ಸೇರಿ 95 ಡಾಲರ್ ಒಟ್ಟು ಮಾಡಿ ಶುರು ಮಾಡಿದರು. ಪೂರ್ವ ಯುರೋಪಿನಿಂದ ಆಗಷ್ಟೇ ಹಡಗಿಳಿದು ಬಂದವರ ಕಾಲ ಅದು. ಒಂದು ಹೊಲಿಗೆ ಯಂತ್ರಕ್ಕೆ, ತಳ್ಳುಗಾಡಿಗೆ ಬೇಕಾದಷ್ಟು ಸಾಲ. ಬಡ್ಡಿ ಇಲ್ಲ. ಇವತ್ತಿಗೂ ಬಡ್ಡಿ ಇಲ್ಲ. ಜಾಮೀನಿಗೆ ಬೇರೆಯವರು ಸಹಿ ಹಾಕಬೇಕು. ಹಿಂತಿರುಗಿ ಬಂದ ದುಡ್ಡು ಮುಂದಿನವರಿಗೆ ಹೋಗುತ್ತದೆ. ಯಾವ ಧರ್ಮದವರಾದರೂ ಕೇಳಬಹುದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಂಥದ್ದೇ ಸಂಘ 1897ರಿಂದ, ಲಾಸ್ ಏಂಜಲೀಸ್‌ನಲ್ಲಿ 1904ರಿಂದ ನಡೆಯುತ್ತಿದೆ.

ಈಗ ನನ್ನ ಹೊಟ್ಟೆಯಲ್ಲಿರುವ ಸಂಕಟ ಹೇಳುತ್ತೇನೆ.

ಎರಡು ವರ್ಷದ ಹಿಂದೆ ನಮ್ಮ ಕನ್ನಡದವರದೇ ಒಂದು ಮನೆ. ಊರು, ಹೆಸರು ಬೇಡ. ಯಜಮಾನರ ಕೆಲಸ ಹೋಯಿತು. ಎಚ್-1ಬಿ ವೀಸಾದಲ್ಲಿ ಕೆಲಸ ಹೋದರೆ ಹೊಸದು ಹುಡುಕಲು ಹೆಚ್ಚೆಂದರೆ 60 ದಿನ. ಅವರು ದಿನಾ ಬೆಳಿಗ್ಗೆ ಲ್ಯಾಪ್‌ಟಾಪ್ ಚೀಲ ಹಾಕಿಕೊಂಡು ಹೊರಡುತ್ತಿದ್ದರು. ಲೈಬ್ರರಿಗೆ ಹೋಗಿ ಕೂತು ಸಂಜೆ ಬರುತ್ತಿದ್ದರು. ಮಕ್ಕಳಿಗೂ ಗೊತ್ತಿರಲಿಲ್ಲ. ಅದೇ ತಿಂಗಳು ಆಕೆ ನಮ್ಮ ಮನೆಯ ಅರಿಶಿನ ಕುಂಕುಮಕ್ಕೆ ಬಂದು, ನಗುನಗುತ್ತಾ ಕೋಸಂಬರಿ ಬಡಿಸಿ ಹೋದರು. ನಮಗೆ ತಿಳಿದದ್ದು ಸೋಫಾ ಮಾರಾಟಕ್ಕಿದೆ ಅಂತ ಫೋಟೋ ಬಂದಾಗ. ಅಷ್ಟರಲ್ಲಿ ಊರಿಗೆ ವಾಪಸ್ ಹೋಗಲು ಟಿಕೆಟ್ ತೆಗೆಸಿ ಆಗಿತ್ತು. "ಯಾಕೆ ಹೇಳಲಿಲ್ಲ?" ಅಂತ ಕೇಳಿದೆ. "ಯಾರ ಹತ್ತಿರ ಹೇಳೋದು ಅಕ್ಕಾ? ಹೇಳಿದರೆ ಎಲ್ಲರಿಗೂ ಗೊತ್ತಾಗ್ತಿತ್ತು" ಅಂದರು.

ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾರಾದರೂ ತೀರಿಕೊಂಡರೆ ನಾವು ಒಂದೇ ರಾತ್ರಿಯಲ್ಲಿ ದುಡ್ಡು ಕೂಡಿಸುತ್ತೇವೆ. ಅದು ದೊಡ್ಡ ಕೆಲಸ, ನಾನೂ ಓಡಾಡಿದ್ದೇನೆ. ಆದರೆ ಅದಕ್ಕೆ ಫೋಟೋ, ಹೆಸರು, ಮಕ್ಕಳ ವಯಸ್ಸು ಎಲ್ಲ ಹಾಕಬೇಕು. ಬದುಕಿದ್ದು ಎರಡು ತಿಂಗಳ ಬಾಡಿಗೆಗೆ ಒದ್ದಾಡುವವರು ಹಾಗೆ ಕೇಳುತ್ತಾರಾ? ಮರ್ಯಾದೆ ಬಿಟ್ಟು ಕೇಳಿ ಅನ್ನುವುದೇ ತಪ್ಪು. ಮರ್ಯಾದೆ ಹೋಗದ ಹಾಗೆ ಕೊಡುವ ದಾರಿಯನ್ನು ನಾವೇ ಮಾಡಬೇಕು.

ನಮಗೆ ಇದು ಹೊಸದೇನಲ್ಲ. ನನ್ನ ತಾತ ಮೈಸೂರಿನಲ್ಲಿ ವಾರಾನ್ನ ಮಾಡಿಕೊಂಡು ಓದಿದವರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಇದನ್ನು ಪಕ್ಕದ ಮನೆಯ ಅಜ್ಜಿಗೆ ಹೇಳಿದಾಗ ಅವರು ಚಹಾ ಲೋಟ ಕೆಳಗಿಟ್ಟರು. ಅವರ ಅಜ್ಜನ ಕಾಲದಲ್ಲಿ, ಪೂರ್ವ ಯುರೋಪಿನಲ್ಲಿ, ಯೆಶಿವಾದಲ್ಲಿ, ಅಂದರೆ ಧರ್ಮಶಾಸ್ತ್ರದ ಪಾಠಶಾಲೆಯಲ್ಲಿ, ಓದುವ ಬಡ ಹುಡುಗರು ಹೀಗೇ ದಿನಕ್ಕೊಂದು ಮನೆಯಲ್ಲಿ ಉಣ್ಣುತ್ತಿದ್ದರಂತೆ. ಅದಕ್ಕೆ ಯಿಡ್ಡಿಷ್ ಭಾಷೆಯಲ್ಲಿ 'ಎಸ್ಸನ್ ಟೆಗ್' ಅನ್ನುತ್ತಾರೆ. ದಿನಗಳನ್ನು ಉಣ್ಣುವುದು ಅಂತ. ಇಬ್ಬರೂ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಹಾಗಾಗಿ ಒಂದು ಸಣ್ಣ ನಿಧಿ ಶುರು ಮಾಡೋಣ ಅನ್ನುವುದು ನನ್ನ ಆಸೆ. ಬಡ್ಡಿ ಇಲ್ಲದ ಸಾಲ, ಒಂದೆರಡು ತಿಂಗಳ ಬಾಡಿಗೆಯಷ್ಟು. ನಮ್ಮ ವಾಟ್ಸಾಪಿನಲ್ಲಿ ಇದನ್ನು ಹೇಳಿದಾಗ ಮೂರು ಪ್ರಶ್ನೆ ಬಂದವು.

ದುಡ್ಡು ವಾಪಸ್ ಬರದಿದ್ದರೆ? ಜಾಮೀನಿಗೆ ಒಬ್ಬರು ಇರಲಿ. ಆದರೂ ಒಂದೆರಡು ಬರದೆ ಹೋಗಬಹುದು. ಅದಕ್ಕೆ ಸಿದ್ಧರಾಗಿಯೇ ಕೊಡೋಣ.

ಯಾರಿಗೆ ಕೊಡಬೇಕು ಅಂತ ಯಾರು ನೋಡುವವರು? ಹಣ ಎತ್ತಲು ಕನಿಷ್ಠ ಇಬ್ಬರು, ಹಂಚಲು ಮೂವರು ಅಂತ ಯಹೂದಿಗಳಲ್ಲಿ ಹಳೆಯ ಕಟ್ಟಳೆ ಇದೆ. ಒಬ್ಬರ ಕೈಯಲ್ಲಿ ಇರಬಾರದು. ನಾವೂ ಹಾಗೇ ಮಾಡೋಣ. ಆ ಮೂವರು ಒಂದೇ ಜಾತಿ, ಒಂದೇ ಊರು, ಒಂದೇ ಬಳಗದವರು ಆಗಬಾರದು. ಇದನ್ನು ನಾನು ಒತ್ತಿ ಹೇಳುತ್ತೇನೆ. 'ಅವರ ಹತ್ತಿರ ಹೋದರೆ ಅವರ ಗುಂಪಿಗೆಲ್ಲ ಗೊತ್ತಾಗುತ್ತೆ' ಅನ್ನುವ ಅಂಜಿಕೆ ಒಬ್ಬರಿಗೆ ಬಂದರೂ ನಿಧಿ ಸತ್ತ ಹಾಗೆ.

ಕಾನೂನು? ಸಾಲ ಕೊಡುವುದಕ್ಕೆ ನಿಯಮಗಳಿವೆ, ವಕೀಲರನ್ನು ಕೇಳಿಯೇ ಮುಂದುವರಿಯಬೇಕು. ನೋಂದಾಯಿತ ಸಂಸ್ಥೆಗೆ ಕೊಡುವಾಗ 'ಇಂಥವರಿಗೇ ಕೊಡಿ' ಅಂತ ಹೆಸರು ಹೇಳಿ ಕೊಟ್ಟರೆ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಅದೂ ನೆನಪಿರಲಿ. ಇನ್ನೊಂದು ವಿಷಯ. ಉಚಿತ ದಿನಸಿ ತಂದರೆ ಗ್ರೀನ್ ಕಾರ್ಡಿಗೆ ತೊಂದರೆ ಅಂತ ಹೆದರಿ ಎಷ್ಟೋ ಜನ ಅತ್ತ ಹೋಗುವುದೇ ಇಲ್ಲ. ಸಿನಗಾಗ್, ದೇವಸ್ಥಾನ, ಚರ್ಚು ತಮ್ಮ ದುಡ್ಡಿನಲ್ಲಿ ಕೊಡುವುದು ಸರ್ಕಾರದ ಸೌಲಭ್ಯ ಅಲ್ಲ. ಹಸಿದುಕೊಂಡು ಇರಬೇಡಿ.

ಇನ್ನು ಮಕ್ಕಳ ಪ್ರಶ್ನೆ. ಅಜ್ಜಿಯ ಮನೆಯಲ್ಲಿ ಒಂದು ಪುಟ್ಟ ತಗಡಿನ ಡಬ್ಬಿ ಇದೆ, ಪುಷ್ಕೆ ಅನ್ನುತ್ತಾರೆ. ಶುಕ್ರವಾರ ಸಂಜೆ ದೀಪ ಹಚ್ಚುವ ಮುಂಚೆ ಮೊಮ್ಮಕ್ಕಳು ಅದಕ್ಕೆ ನಾಣ್ಯ ಹಾಕುತ್ತಾರೆ. ಮೂರು ವರ್ಷದ ಕೂಸನ್ನೂ ಎತ್ತಿಕೊಂಡು ಹಾಕಿಸುತ್ತಾರೆ. ನೋಡಿದ ತಕ್ಷಣ ನನಗೆ ನಮ್ಮಮ್ಮನ ಮುಡಿಪು ನೆನಪಾಯಿತು. ಅರಿಶಿನದ ಬಟ್ಟೆಯಲ್ಲಿ ಕಟ್ಟಿ ದೇವರ ಮನೆಯ ಮೂಲೆಯಲ್ಲಿ ಇಡುತ್ತಿದ್ದರು. ಈಗ ನಮ್ಮ ದೇವರ ಮನೆಯಲ್ಲೂ ಹಳೆಯ ಹಾರ್ಲಿಕ್ಸ್ ಬಾಟಲಿ ಒಂದಿದೆ. ಶುಕ್ರವಾರ ದೀಪ ಹಚ್ಚುವಾಗ ಇಬ್ಬರೂ ಮಕ್ಕಳು ತಮ್ಮ ಕಾಸಿನಿಂದ ಹಾಕುತ್ತಾರೆ. ಮೊದಲ ತಿಂಗಳು ಚಿಕ್ಕವಳು ಹಾಕಿದ್ದನ್ನು ವಾಪಸ್ ತೆಗೆದುಕೊಂಡಳು. ನಾನು ಬೈಯಲಿಲ್ಲ. ಈಗ ತಾನೇ ನೆನಪಿಸುತ್ತಾಳೆ.

ಜೆರುಸಲೇಮಿನ ಹಳೆಯ ದೇವಾಲಯದಲ್ಲಿ ಒಂದು ಕೋಣೆ ಇತ್ತಂತೆ, ಮೌನಿಗಳ ಕೋಣೆ ಅಂತ. ಉಳ್ಳವರು ಒಳಗೆ ಹೋಗಿ ಗುಟ್ಟಾಗಿ ಇಟ್ಟು ಬರುತ್ತಿದ್ದರು. ಒಳ್ಳೆಯ ಮನೆತನದ, ಕೈ ಸೋತ ಜನ ಗುಟ್ಟಾಗಿ ತೆಗೆದುಕೊಂಡು ಬರುತ್ತಿದ್ದರು.

ಮುಂದಿನ ಭಾನುವಾರ ಕನ್ನಡ ಕಲಿ ತರಗತಿ ಮುಗಿದ ಮೇಲೆ ಅರ್ಧ ಗಂಟೆ ಕೂರೋಣ. ಮೂವರಲ್ಲಿ ನಾನು ಒಬ್ಬಳು ಇರುತ್ತೇನೆ, ಇನ್ನಿಬ್ಬರು ಬೇಕು. ಕೊಡಬೇಕು ಅನ್ನಿಸಿದವರು ದಯವಿಟ್ಟು ಇಲ್ಲಿ ಕಾಮೆಂಟ್ ಹಾಕಬೇಡಿ, ನನಗೆ ಬೇರೆಯಾಗಿ ಮೆಸೇಜ್ ಮಾಡಿ. ಬೇಕಾಗಿರುವವರೂ ಅಲ್ಲಿಗೇ ಮೆಸೇಜ್ ಮಾಡಿ.