ಪೀಶಕತ್ತಿಗೆ ಒರೆ ಹೊಲಿಯಲು ಕಡಿಮೆ ಖರ್ಚಿನಲ್ಲಿ ಯಾವ ಚರ್ಮ ಆದೀತು?

ಮುಟ್ಟಾಳೆ, ಬದಿಯಡ್ಕ
ತೋಟಕ್ಕೆ ಹೋಗುವಾಗ ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಚರ್ಮದ ಒರೆ ಬೇಕು, ನಾನೇ ಹೊಲಿಯುವ ಅಂದಾಜು. ಪೀಶಕತ್ತಿ ಅಂದರೆ ನಮ್ಮ ಕಡೆಯ ಸಣ್ಣ ಚೂರಿ. ನನ್ನದು ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿದ್ದು, ತುಕ್ಕು ಹಿಡಿಯುವ ಜಾತಿ. ಅಲಗು 10 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲ, ಬೆನ್ನು 3 ಮಿ.ಮೀ. ದಪ್ಪ. ಚರ್ಮ, ನೂಲು, ಸೂಜಿ ಎಲ್ಲ ಸೇರಿ ಸಾವಿರ ರೂಪಾಯಿ ದಾಟಬಾರದು. ಬ್ಯಾಗ್ ರಿಪೇರಿ ಅಂಗಡಿಯಲ್ಲಿ 1.2 ಮಿ.ಮೀ. ದಪ್ಪದ ಮೆತ್ತಗಿನ ತುಂಡುಗಳು ಸಿಗುತ್ತವೆ. ಎರಡು ಪದರ ಅಂಟಿಸಿದರೆ ಆಗುತ್ತದಾ? ಆನ್‌ಲೈನಿನಲ್ಲಿ ‘ಜೆನ್ಯುಯಿನ್ ಲೆದರ್’ ಅಂತ ಇರುವುದನ್ನು ತರಿಸಬಹುದಾ?

ಗಡಿಕಲ್ಲು, ಹೊಸೂರು
ಎರಡೂ ಬೇಡ. ದಪ್ಪ ಆಮೇಲೆ ನೋಡೋಣ, ಮೊದಲು ಹದ (ಹಸಿ ತೊಗಲನ್ನು ಚರ್ಮ ಮಾಡಿದ ಬಗೆ) ಯಾವುದು ಅಂತ ಕೇಳಿ. ಬ್ಯಾಗಿನ ತುಂಡು ಬಹುತೇಕ ಕ್ರೋಮ್ ಹದದ್ದು, ಅಂದರೆ ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿದ್ದು. ತಮಿಳುನಾಡಿನ ಆಂಬೂರು, ವಾಣಿಯಂಬಾಡಿ ಕಡೆಯಿಂದ ಬರುವ ಶೂ ಮೇಲ್ಚರ್ಮವೂ ಹೆಚ್ಚಾಗಿ ಅದೇ. ನೆನೆಸಿ ಒತ್ತಿದರೂ ಆಕಾರ ಹಿಡಿಯುವುದಿಲ್ಲ, ಒಣಗಿದ ಮೇಲೆ ಮತ್ತೆ ಮೆತ್ತಗೆ. ಎರಡು ಪದರ ಅಂಟಿಸಿದರೆ ದಪ್ಪ ಬರುತ್ತದೆ, ಬಿಗಿ ಬರುವುದಿಲ್ಲ. ಕತ್ತಿ ತುದಿ ಒಳಗೆ ಮಡಿಕೆಗೆ ಸಿಕ್ಕಿ ಚುಚ್ಚಿಕೊಂಡು ಹೊರಗೆ ಬರುತ್ತದೆ. ಒರೆಗೆ ಬೇಕಾದ್ದು ತೊಗಟೆಯಲ್ಲಿ ಹದ ಮಾಡಿದ ಚರ್ಮ, ಅಂಗಡಿಯ ಮಾತಿನಲ್ಲಿ ವೆಜ್ ಟ್ಯಾನ್.

‘ಜೆನ್ಯುಯಿನ್’ ಎಂಬ ಸೀಲು ರೆಕ್ಸಿನ್ ಅಲ್ಲ ಅಂತ ಮಾತ್ರ ಹೇಳುತ್ತದೆ. ಹದ ಯಾವುದು ಅಂತಲೂ ಗೊತ್ತಾಗುವುದಿಲ್ಲ, ಸೀಳಿದ ಕೆಳಪದರಕ್ಕೆ ಪ್ಲಾಸ್ಟಿಕ್ ಲೇಪ ಕೊಟ್ಟಿದ್ದರೂ ಗೊತ್ತಾಗುವುದಿಲ್ಲ.

ಪರೀಕ್ಷೆಗೆ ಒಂದು ಚೂರು ಇಸ್ಕೊಳ್ಳಿ. ಕತ್ತರಿಸಿದ ಅಂಚಿನ ನಡುವೆ ನೀಲಿ-ಬೂದು ಗೆರೆ ಕಂಡರೆ ಕ್ರೋಮ್. ಹಾಕಿದ ಬಣ್ಣ ಒಳಗಿನವರೆಗೂ ಇಳಿದಿದ್ದರೆ ಈ ಗುರುತು ಮೋಸ ಮಾಡುತ್ತದೆ. ಆಗ ಚೂರನ್ನು ಕುದಿಯುವ ನೀರಿಗೆ ಹಾಕಿ: ತೊಗಟೆ ಹದದ್ದು ಸುಕ್ಕುಗಟ್ಟಿ ಚಿಕ್ಕದಾಗುತ್ತದೆ, ಒಣಗಿದ ಮೇಲೆ ಕಟ್ಟಿಗೆಯಂತೆ ಗಟ್ಟಿ. ಕ್ರೋಮ್ ಹೆಚ್ಚುಕಡಿಮೆ ಇದ್ದ ಹಾಗೇ ಇರುತ್ತದೆ. ಇನ್ನೊಂದು: ತುಕ್ಕು ಮೊಳೆಯನ್ನು ವಿನೆಗರಿನಲ್ಲಿ ಎರಡು ದಿನ ಬಿಟ್ಟು ಆ ನೀರನ್ನು ಒಂದು ಹನಿ ಬಿಡಿ. ಕಬ್ಬಿಣ ತೊಗಟೆಯ ಒಗರಿಗೆ ಸೇರಿ ನಿಮಿಷಗಳಲ್ಲಿ ಕಪ್ಪಾದರೆ ನಿಮಗೆ ಬೇಕಾದ ಚರ್ಮ ಅದೇ. ಸುಟ್ಟು ನೋಡಿ ಅಂತಲೂ ಕೆಲವರು ಹೇಳುತ್ತಾರೆ. ಕ್ರೋಮ್ ಚರ್ಮದ ಹೊಗೆ ಒಳ್ಳೆಯದಲ್ಲ, ಬಿಡಿ.

ಜ್ವಾರಿರೊಟ್ಟಿ, ಅಕ್ಕಲಕೋಟ
ಹೊಸೂರಿನವ್ರು ಹೇಳಿದ್ದು ಖರೆ ಅದ. ನಮ್ಮ ಕಡೆ ಕೊಲ್ಹಾಪುರಿ ಚಪ್ಪಲಿ ಮಾಡೋರ ಹತ್ರ ಇರೋದು ಜಾಲಿ ತೊಗಟೆ, ಅಳಲೆಕಾಯಿಯೊಳಗ ಹದ ಮಾಡಿದ ಚರ್ಮ. (2019ರಾಗ ಈ ಚಪ್ಪಲಿಗೆ ಜಿಐ, ಅಂದ್ರ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲಾದ ಜೋಡಿ ಬೆಳಗಾವಿ, ಧಾರವಾಡ, ಬಾಗಲಕೋಟ, ವಿಜಯಪುರನೂ ಸೇರ್ಯಾವ. ಈ ಚಪ್ಪಲಿಗೆ ಹೆಸರಾದ ಬೆಳಗಾವಿ ಜಿಲ್ಲಾದ ಅಥಣಿ ನಿಮಗ ಗೊತ್ತಿರಬೇಕು.) ಅವರ ಹತ್ರ ಕೊಯ್ದು ಉಳಿದ ತುಂಡು ಕೇಳ್ರಿ. ನಿಮಗ ಇಡೀ ಹಾಳೆ ಯಾಕ ಬೇಕು?

ಕೆಳಗಿನ ಅಟ್ಟೆಯ ಚರ್ಮ ಮಾತ್ರ ತಗೋಬ್ಯಾಡ್ರಿ. ಅದು ಒತ್ತಿ ಒತ್ತಿ ಗಟ್ಟಿ ಮಾಡಿದ್ದು, ಮಡಚಿದ್ರ ಮ್ಯಾಲಿನ ಮೈ ಬಿರೀತದ. ಬೆನ್ನಿನ ಭಾಗ ಬಿಗಿ, ಹೊಟ್ಟೆ ಭಾಗ ಸಡಿಲ. ಹೊಟ್ಟೆದು ಸೋವಿ ಸಿಗ್ತದ ಖರೆ, ಎರಡು ಕೈಲೆ ಜಗ್ಗಿ ನೋಡ್ರಿ: ಹಿಗ್ಗಿದ್ರ ಒರಿಗೆ ಬ್ಯಾಡ, ಪಟ್ಟಿ ಕುಣಿಕೆಗೂ ಬ್ಯಾಡ.

ತೂಕದ ಲೆಕ್ಕದಾಗ ಕೊಟ್ರ ಹೆದರಬ್ಯಾಡ್ರಿ. 3 ಮಿ.ಮೀ. ಚರ್ಮ ಒಂದು ಚದರಡಿಗೆ ಸುಮಾರು 250ರಿಂದ 280 ಗ್ರಾಂ ಬರ್ತದ. ಕಿಲೋದ ರೇಟನ್ನ ನಾಲ್ಕರಿಂದ ಭಾಗಿಸಿದ್ರ ಅಡಿ ರೇಟು ಹೆಚ್ಚುಕಮ್ಮಿ ಸಿಗ್ತದ.

ಮುಟ್ಟಾಳೆ, ಬದಿಯಡ್ಕ
ಅಕ್ಕಲಕೋಟದ ಅಣ್ಣ, ಉಪಕಾರ ಆಯ್ತು. ಹಾಗಾದರೆ 3 ಮಿ.ಮೀ. ಸಾಕಾ, 4 ಬೇಕಾ? ಎಷ್ಟು ತರಿಸಬೇಕು?

ರಾಗಿಹೊಲ, ತಾಳವಾಡಿ
ನಿಮ್ಮ ಕತ್ತಿಗೆ 2.5ರಿಂದ 3. ನಾಲ್ಕಾದರೆ ಬೆನ್ನಿನ ಮಡಿಕೆ ಕೈಯಲ್ಲಿ ಬಗ್ಗುವುದಿಲ್ಲ, ಎರಡರ ಕೆಳಗಾದರೆ ಒರೆ ಜೋಲುತ್ತದೆ.

ಅಳತೆ: ಅಲಗಿನ ಅಗಲ ಎರಡು ಬದಿಗೆ 6 ಸೆಂ.ಮೀ., ಹೊಲಿಗೆ ಅಂಚು ಎರಡು ಬದಿಗೆ 2 ಸೆಂ.ಮೀ., ಬೆನ್ನು ಸುತ್ತಿ ಬರಲು ಸುಮಾರು 1. ಒಟ್ಟು 9. ಹಿಡಿಯ ಕಡೆ ಅಗಲವಾಗುವುದರಿಂದ 11 ಇಟ್ಟುಕೊಳ್ಳಿ. ಉದ್ದ 15: ಅಲಗು 10, ಹಿಡಿ 4, ತುದಿಗೆ 1. ಬೆಲ್ಟಿನ ಕುಣಿಕೆಗೆ 3×18, ಹೊಲಿಗೆ ಅಂಚಿನಲ್ಲಿ ಎರಡು ಬದಿಯ ನಡುವೆ ಕೂರುವ ನಡುಪಟ್ಟಿಗೆ 1×15. ಎಲ್ಲ ಸೇರಿ 234 ಚ.ಸೆಂ.ಮೀ. ಒಂದು ಚದರಡಿ ಎಂದರೆ 929. ಅಂದರೆ ಒಂದಡಿ ತಂದರೆ ಎರಡು ಸಲ ಕೆಡಿಸಿಕೊಂಡರೂ ಮೂರನೆಯದಕ್ಕೆ ಉಳಿಯುತ್ತದೆ. ತುಂಡು ತರಿಸುವಾಗ ಚದರಡಿಯ ಜೊತೆಗೆ ಉದ್ದ ಅಗಲವನ್ನೂ ಕೇಳಿ, ಇಲ್ಲದಿದ್ದರೆ ಪಟ್ಟಿ ಪಟ್ಟಿ ಬರುತ್ತದೆ.

ನಡುಪಟ್ಟಿ ಬಿಡಬೇಡಿ. ಅಲಗಿನ ಬಾಯಿ ತಾಗಬೇಕಾದ್ದು ಅದಕ್ಕೆ. ಅದಿಲ್ಲದ ಒರೆಯಲ್ಲಿ ಕತ್ತಿ ನೂಲನ್ನೇ ಕೊಯ್ಯುತ್ತದೆ. ಬೆಲ್ಟಿನ ಕುಣಿಕೆಯನ್ನು ಮಡಚುವ ಮೊದಲೇ ಹೊಲಿಯಿರಿ. ಮಡಚಿ ಅಂಟಿಸಿದ ಮೇಲೆ ಒಳಗೆ ಸೂಜಿ ಹೋಗುವುದಿಲ್ಲ, ಹೊಸಬರು ಎಡವುವುದೇ ಇಲ್ಲಿ.

ಚಪ್ಪಲಿ ಸೊಲ್ಯೂಶನ್ ಎರಡೂ ಮೈಗೆ ತೆಳ್ಳಗೆ ಸವರಿ, 10 ನಿಮಿಷ ಆರಿದ ಮೇಲೆ ಒತ್ತಿ. ದುಬಾರಿ ತೂತಿನ ಉಳಿ ಬೇಡ. ಅಂಚಿನಿಂದ 4 ಮಿ.ಮೀ. ಒಳಗೆ ಗೆರೆ ಎಳೆದು, ಅದರ ಮೇಲೆ 5 ಮಿ.ಮೀ.ಗೆ ಒಂದರಂತೆ ಗುರುತು ಹಾಕಿ, ಅಡಿಗೆ ಮರದ ತುಂಡಿಟ್ಟು 1.5 ಮಿ.ಮೀ. ಬಿಟ್‌ನಲ್ಲಿ ಡ್ರಿಲ್ ಮಾಡಿ. ಮೂರು ಪದರ 9 ಮಿ.ಮೀ. ಆಗುತ್ತದೆ, ಡ್ರಿಲ್ ಸ್ವಲ್ಪ ವಾಲಿದರೂ ಹಿಂದಿನ ಸಾಲು ಸೊಟ್ಟ.

ನೂಲು 1 ಮಿ.ಮೀ. ಮೇಣದ ಪಾಲಿಯೆಸ್ಟರ್, ಎರಡು ತುದಿಗೆ ಎರಡು ಸೂಜಿ. ‘ಹೊಲಿಗೆಯ ನಾಲ್ಕು ಪಟ್ಟು ನೂಲು’ ಎಂಬ ಲೆಕ್ಕ ತೆಳು ಚರ್ಮಕ್ಕೆ. ಇಲ್ಲಿ ಪ್ರತಿ ಹೊಲಿಗೆಗೆ ಒಂದೊಂದು ಸೂಜಿಯೂ 5+9 ಮಿ.ಮೀ. ನೂಲು ತಿನ್ನುತ್ತದೆ, ಎರಡೂ ಸೇರಿ 28. ಹಾಗಾಗಿ ಐದೂವರೆ ಪಟ್ಟಿಗೂ ಮೇಲೆ. 14 ಸೆಂ.ಮೀ. ಹೊಲಿಗೆಗೆ 78, ಸೂಜಿಗೆ ಪೋಣಿಸಲು, ಕೊನೆಯಲ್ಲಿ ಹಿಂದಕ್ಕೆ ಮೂರು ಹೊಲಿಗೆ ಹಾಕಲು ಸೇರಿಸಿ 125 ಸೆಂ.ಮೀ. ಕತ್ತರಿಸಿ.

ಹೊಲಿದಾದ ಮೇಲೆ ತಣ್ಣೀರಿನಲ್ಲಿ ಗುಳ್ಳೆ ನಿಲ್ಲುವ ತನಕ ಮುಳುಗಿಸಿ. ಮೈಯ ಬಣ್ಣ ತಿರುಗಿ ಬರತೊಡಗಿದಾಗ ಕತ್ತಿಗೆ ಪ್ಲಾಸ್ಟಿಕ್ ಸುತ್ತಿ ಒಳಗಿಟ್ಟು ಚಮಚದ ಬೆನ್ನಿನಿಂದ ಒತ್ತಿ. ಪ್ಲಾಸ್ಟಿಕ್ ಮರೆತರೆ ಕತ್ತಿಗೆ ತುಕ್ಕು, ಚರ್ಮಕ್ಕೆ ಕಪ್ಪು ಕಲೆ. ಮೇಲೆ ಬರೆದ ಮೊಳೆ-ವಿನೆಗರ್ ಕಥೆಯೇ ಅದು. ಬಿಸಿನೀರು, ಬಿಸಿಲು ಎರಡೂ ಬೇಡ, ಚರ್ಮ ಸುರುಟಿ ಬಿರುಕು ಬಿಡುತ್ತದೆ.

ಕಂಗಿನಬುಡ, ಪೆರ್ಲ
ಮಾರಾಯ್ರೆ, ಇಷ್ಟು ಹೇಳಿ ಮಳೆಗಾಲದ ವಿಷಯ ಎಲ್ಲರೂ ಬಿಟ್ಟಿರಲ್ಲ. ನಮ್ಮಲ್ಲಿ ಜೂನ್-ಜುಲೈಯಲ್ಲಿ ನೆನೆಸಿದ ಒರೆ ಒಂದು ದಿನದಲ್ಲಿ ಒಣಗುವುದಿಲ್ಲ. ಫ್ಯಾನಿನ ಅಡಿಯಲ್ಲಿ ಮೂರು ದಿನ ಬಿಡಿ, ಒಳಗಿನ ಕತ್ತಿಯನ್ನು ಮೊದಲ ದಿನವೇ ತೆಗೆಯಿರಿ. ತುದಿಯಲ್ಲಿ 4 ಮಿ.ಮೀ. ತೂತು ಇರಲಿ, ನೀರು ಇಳಿಯಲಿ. ತೆಂಗಿನೆಣ್ಣೆ ಮನೆಯಲ್ಲಿ ಇದೆ ಅಂತ ಸುರಿಯಬೇಡಿ. ಜಾಸ್ತಿಯಾದರೆ ಒತ್ತಿ ಮಾಡಿದ ಬಿಗಿಯೆಲ್ಲ ಹೋಗಿ ಮೆತ್ತಗಾಗುತ್ತದೆ. ಹೊರಮೈಗೆ ಜೇನುಮೇಣ ಉಜ್ಜಿ ಹೇರ್ ಡ್ರೈಯರಿನ ಸಣ್ಣ ಬಿಸಿ ಕೊಟ್ಟರೆ ಸಾಕು. ಬೂಸ್ಟು ಬಂದರೆ ವಿನೆಗರ್, ನೀರು ಸಮಸಮ ಬೆರೆಸಿ ಒರಸಿ. ಗುಂಡಿ, ರಿವೆಟ್ ಹಾಕುವುದಿದ್ದರೆ ಹಿತ್ತಾಳೆಯದ್ದೇ. ಮತ್ತೆ, ರಾತ್ರಿ ಕತ್ತಿ ಒರೆಯಲ್ಲಿ ಇರಬಾರದು, ಚರ್ಮ ಹೀರಿದ ತೇವವೆಲ್ಲ ಅಲಗಿಗೆ.

ಚರ್ಮಕ್ಕೆ ರಂಪಿಗೆ (ಚರ್ಮ ಕೊಯ್ಯುವ ಉಳಿ) ತಾಗಿಸುವ ಮೊದಲು ಅಡಿಕೆ ಹಾಳೆಯಲ್ಲಿ ಒಂದು ಮಾಡಿ ನೋಡಿ. ನೆನೆಸಿದರೆ ಚರ್ಮದ ಹಾಗೆಯೇ ಬಗ್ಗುತ್ತದೆ, ಅಳತೆಯ ತಪ್ಪು ಅಲ್ಲಿಯೇ ಗೊತ್ತಾಗುತ್ತದೆ. ಹೊಲಿಯಲು ಹೋಗಬೇಡಿ, ತೂತಿನ ಸಾಲಿನಲ್ಲೇ ನಾರು ಸೀಳುತ್ತದೆ. ಬಟ್ಟೆ ಕ್ಲಿಪ್ ಹಾಕಿ ನೋಡಿದರೆ ಸಾಕು.

ಮುಟ್ಟಾಳೆ, ಬದಿಯಡ್ಕ
ಹಾಳೆಗೆ ಬರಗಾಲ ಇಲ್ಲ, ನಾಳೆಯೇ ನೆನೆಸುತ್ತೇನೆ. ಚರ್ಮಕ್ಕೆ 3 ಮಿ.ಮೀ., ಬೆನ್ನಿನ ಭಾಗ, 20 ಸೆಂ.ಮೀ.ಗಿಂತ ಉದ್ದದ ತುಂಡು, ಒಂದು ಚದರಡಿ ಅಂತ ಬರೆದು ಕೇಳುತ್ತೇನೆ. ಚೂರು ಬಂದ ಕೂಡಲೇ ಕುದಿಯುವ ನೀರಿಗೆ.