ನೆದರ್ಲ್ಯಾಂಡ್ಸ್‌ನಲ್ಲಿದೀನಿ, ಬರ್ತ್ ಸರ್ಟಿಫಿಕೇಟ್‌ಗೆ ಅಪೋಸ್ಟಿಲ್ ಹೇಗೆ?

ಹಾಸನದ್ಹುಡ್ಗ: ಇಲ್ಲಿ ಮುನಿಸಿಪಾಲಿಟಿಯವ್ರು ರಿಜಿಸ್ಟ್ರೇಷನ್‌ಗೆ ಅಪೋಸ್ಟಿಲ್ (ಬೇರೆ ದೇಶದಲ್ಲಿ ಒಪ್ಲಿ ಅಂತ ದಾಖಲೆಗೆ ಹಾಕೋ ಸರ್ಕಾರಿ ದೃಢೀಕರಣ) ಆಗಿರೋ ಬರ್ತ್ ಸರ್ಟಿಫಿಕೇಟ್ ಕೇಳ್ತಿದಾರೆ, ನನ್ ಹತ್ರ ಇರೋದ್ರಲ್ಲಿ ನನ್ ಹೆಸ್ರೇ ಇಲ್ಲ, ಬರೀ ಅಪ್ಪ ಅಮ್ಮಂದು. ಎಂಬೆಸೀಲಿ ಮಾಡ್ಕೊಡ್ತಾರಾ ಇಲ್ಲ ಊರಿಗೇ ಬರ್ಬೇಕಾ?

ಕಾಫಿಪ್ರಿಯ: ಎಂಬೆಸೀಲಿ ಅಪೋಸ್ಟಿಲ್ ಹಾಕಲ್ಲ ಗುರು, ಅದು ಇಂಡಿಯಾದಲ್ಲೇ ಆಗೋದು. ಮೊದ್ಲು ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಸ್ಟಿಕ್ಕರ್. ನೀವು ಬರೋದೇನ್ ಬೇಡ, ಮನೆಯವ್ರ ಕೈಲಿ ಮಾಡಿಸ್ಬೋದು. ಸಚಿವಾಲಯದ ಫೀ 50 ರೂಪಾಯಿ, ಮೇಲೆ ಸರ್ವಿಸ್ ಚಾರ್ಜು, ಏಜೆಂಟ್ರು ಮಾತ್ರ ಸಾವಿರಗಟ್ಲೆ ಕೀಳ್ತಾರೆ.

ಮಲ್ನಾಡ್ಅಕ್ಕ: ಅದಕ್ಕೂ ಮುಂಚೆ ಜನನ ನೋಂದಣಿ ಆಫೀಸಲ್ಲಿ ಹೆಸ್ರು ಸೇರ್ಸಿ ಹೊಸ ಪ್ರತಿ ತೆಗ್ಸಪ್ಪ. ಲ್ಯಾಮಿನೇಷನ್ ಮಾತ್ರ ಮಾಡಿಸ್ಬೇಡ, ಸ್ಟಿಕ್ಕರ್ ಎಲ್ ಅಂಟಿಸ್ತಾರೆ ಆಮೇಲೆ!

ಹಾಸನದ್ಹುಡ್ಗ: ಥ್ಯಾಂಕ್ಸ್ ಅಕ್ಕ. ಡಚ್‌ಗೆ ಟ್ರಾನ್ಸ್‌ಲೇಟ್ ಮಾಡಿಸ್ಬೇಕಾ?

ಕಾಫಿಪ್ರಿಯ: ಸರ್ಟಿಫಿಕೇಟ್ ಇಂಗ್ಲಿಷಲ್ಲಿದ್ರೆ ಬೇಡ, ಅಲ್ಲಿ ಇಂಗ್ಲಿಷ್ ನಡಿಯುತ್ತೆ.