ಆ ಡಿಸ್ಕ್‌ಗೆ ಗೀರು ಬಿದ್ದಿರಲಿಲ್ಲ

ಮೊನ್ನೆ ರಾತ್ರಿ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ನಡೆದದ್ದು ಇದು. ಹೆಸರುಗಳನ್ನು ತೆಗೆದು, ನಾನು ಅವರನ್ನು ಏನೆಂದು ಕರೆಯುತ್ತೇನೋ ಅಷ್ಟನ್ನೇ ಉಳಿಸಿದ್ದೇನೆ. ವಿಷಯ ನ್ಯೂಜೆರ್ಸಿಯ ಮಾಫಿಯಾ ನಾಯಕ ಟೋನಿ ಸೊಪ್ರಾನೋನ ಕಥೆ ಹೇಳುವ ‘ದಿ ಸೊಪ್ರಾನೋಸ್’ ಧಾರಾವಾಹಿಯ ಕೊನೆಯ ಕಂತು. ಅದು ಅಮೆರಿಕದಲ್ಲಿ ಪ್ರಸಾರವಾದದ್ದು 2007ರ ಜೂನ್ 10ರಂದು. ಅದರ ಕೊನೆಯಲ್ಲಿ ಟೋನಿ ಸತ್ತನೋ ಇಲ್ಲವೋ ಎಂಬ ಜಗಳ ನಮ್ಮಲ್ಲಿ ಇನ್ನೂ ಮುಗಿದಿಲ್ಲ.

ಚಿಕ್ಕಪ್ಪ (ಹಲವು ಬಾರಿ ಫಾರ್ವರ್ಡ್ ಆದದ್ದು): ಕೊನೆಗೂ ರಹಸ್ಯ ಬಯಲು! ಟೋನಿ ಸೊಪ್ರಾನೋ ಸತ್ತದ್ದು ನಿಜವೆಂದು ಧಾರಾವಾಹಿಯ ಸೃಷ್ಟಿಕರ್ತ ಡೇವಿಡ್ ಚೇಸ್ ಬಾಯಿಬಿಟ್ಟಿದ್ದಾರೆ! ಹದಿನಾಲ್ಕು ವರ್ಷಗಳ ವಾದಕ್ಕೆ ತೆರೆ! ಎಲ್ಲರಿಗೂ ತಲುಪಿಸಿ.

ಚಿಕ್ಕಪ್ಪ: ನೋಡಿದಿರಾ? ನಾನು ಅವತ್ತೇ ಹೇಳಿದ್ದೆ. ಯಾರೂ ಕೇಳಲಿಲ್ಲ.

ಭಾವ: ಮಾವ, ಇದರ ಮೂಲ ಎಲ್ಲಿದೆ? ಹದಿನಾಲ್ಕು ವರ್ಷ ಎಂದರೆ ಇದು 2021ರ ಸುದ್ದಿ. ಹಳೆಯ ಸರಕು.

ಚಿಕ್ಕಪ್ಪ: ಹಳೆಯದಾದರೆ ಸುಳ್ಳಾಗುತ್ತದೆಯೇ? ನಿನಗೆ ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂದರೂ ಮೂಲ ಬೇಕು.

ದೊಡ್ಡಪ್ಪ: ಸತ್ತಿದ್ದರೆ ಒಳ್ಳೆಯದೇ ಆಯಿತು. ಅಷ್ಟು ಕೊಲೆ ಮಾಡಿದವನು ಹೆಂಡತಿ ಮಕ್ಕಳ ಜೊತೆ ಹೋಟೆಲಿನಲ್ಲಿ ನೆಮ್ಮದಿಯಾಗಿ ಕುಳಿತಿರುವುದನ್ನು ತೋರಿಸಿ ಕಥೆ ಮುಗಿಸಿದರೆ ನೋಡಿದವರು ಏನು ಕಲಿಯಬೇಕು? ಮಾಡಿದ್ದುಣ್ಣೋ ಮಹಾರಾಯ. ಕಥೆಗೆ ಒಂದು ನ್ಯಾಯ ಇರಬೇಕು.

ಅಕ್ಕ: ಅಪ್ಪಾ, ನೀವು ಒಂದು ಕಂತನ್ನೂ ಪೂರ್ತಿ ನೋಡಿಲ್ಲ.

ದೊಡ್ಡಪ್ಪ: ನಾನೂ ಅದೇ ಕೋಣೆಯಲ್ಲಿದ್ದೆ.

ಅಕ್ಕ: ಇದ್ದಿರಿ, ಗೊರಕೆ ಹೊಡೆಯುತ್ತಿದ್ದಿರಿ. ಆದರೂ ಎಂಥ ದಿನಗಳವು! 2008ರ ರಜೆ. ಚಿಕ್ಕಪ್ಪ ಸ್ನೇಹಿತರಿಂದ ಡಿವಿಡಿ ಪೆಟ್ಟಿಗೆ ತಂದಿದ್ದರು. ಎಂಬತ್ತಾರು ಕಂತು. ಕಿಟಕಿಗೆ ಹೊದಿಕೆ ಕಟ್ಟಿ, ನೆಲದ ಮೇಲೆ ಸಾಲಾಗಿ ಮಲಗಿ ನೋಡುತ್ತಿದ್ದೆವು. ಟೋನಿ ನಿಲುವಂಗಿಯಲ್ಲಿ ಗೇಟಿನವರೆಗೆ ಬಂದು ದಿನಪತ್ರಿಕೆ ಎತ್ತಿಕೊಂಡಾಗಲೆಲ್ಲ ಅತ್ತೆ “ಬಂದ ಮಹಾನುಭಾವ” ಎನ್ನುತ್ತಿದ್ದರು. ಕೊನೆಯ ರಾತ್ರಿ ಪರದೆ ಕಪ್ಪಾಯಿತಲ್ಲ, ನೆನಪಿದೆಯೇ ಎಲ್ಲರಿಗೂ?

ಚಿಕ್ಕಪ್ಪ: ನೆನಪಿಲ್ಲದೆ ಏನು? ಡಿಸ್ಕ್‌ಗೆ ಗೀರು ಬಿದ್ದಿದೆ ಎಂದುಕೊಂಡೆವು. ಅದನ್ನು ಕೈಯಲ್ಲಿ ಹಿಡಿದು ಓಡಾಡಿದವನು ಯಾರು ಎಂಬುದೂ ನೆನಪಿದೆ.

ಓಡಾಡಿದವನು ನಾನು. ನನಗೆ ಆಗ ಹದಿಮೂರು ವರ್ಷ. ಡಿಸ್ಕ್ ಹಾಕಿ ತೆಗೆಯುವ ಕೆಲಸ ನನ್ನದಾಗಿತ್ತು. ಪರದೆ ಕಪ್ಪಾದಾಗ ಚಿಕ್ಕಪ್ಪ ಮೊದಲು ಟಿ.ವಿ.ಯ ನೆತ್ತಿಗೆ ಎರಡು ಏಟು ಹಾಕಿದರು. ಆಮೇಲೆ ಡಿಸ್ಕನ್ನು ಹೊರಗೆ ತೆಗೆದು, ಬಾಯಿಯ ಆವಿ ಊದಿ, ಅಂಗಿಯ ಅಂಚಿನಿಂದ ಒಳಗಿನಿಂದ ಹೊರಕ್ಕೆ ಒರೆಸಿ, ದೀಪದ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರು. ಮತ್ತೆ ಹಾಕಿದರು. ಬಾಗಿಲ ಗಂಟೆ ಸದ್ದಾಯಿತು, ಟೋನಿ ತಲೆ ಎತ್ತಿದ, ಅದೇ ಜಾಗದಲ್ಲಿ ಮತ್ತೆ ಕಪ್ಪು. ಆಗ ನನ್ನ ಕಡೆ ತಿರುಗಿ ಎಲ್ಲರೆದುರು ಬೈದರು. ಮರುದಿನ ಅದು ಗೀರಲ್ಲ, ಕಥೆಯೇ ಹಾಗೆ ಮುಗಿಯುತ್ತದೆ ಎಂದು ಭಾವ ಇಂಟರ್‌ನೆಟ್‌ನಲ್ಲಿ ಓದಿ ಹೇಳಿದ. ಎಲ್ಲರೂ ನಕ್ಕರು. ನನಗೆ ಬೈದದ್ದನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅತ್ತೆ: ಪಾಪ, ಆ ಹುಡುಗ ಅವತ್ತು ಮಾತೇ ಆಡಲಿಲ್ಲ.

ಚಿಕ್ಕಪ್ಪ: ಅಕ್ಕಾ, ಈಗ ವಿಷಯ ಅದಲ್ಲ. ಟೋನಿ ಸತ್ತನೋ ಇಲ್ಲವೋ?

ಅತ್ತೆ: ನಿನಗೆ ಯಾವಾಗಲೂ ನೀನು ಹೇಳಿದ್ದೇ ವಿಷಯ. 2014ರಲ್ಲಿ ಇವಳು “ಟೋನಿ ಸತ್ತಿಲ್ಲವಂತೆ” ಎಂದು ಹಾಕಿದ್ದಕ್ಕೆ ಗುಂಪು ಬಿಟ್ಟು ಹೋಗಿದ್ದೆ. ಮೂರು ತಿಂಗಳು. ಮತ್ತೆ ಸೇರಿಸಿದವಳು ನಾನು.

ಚಿಕ್ಕಪ್ಪ: ಮೊಬೈಲ್ ಬದಲಾಯಿಸಿದ್ದೆ.

ಅಕ್ಕ: ಮೂರು ತಿಂಗಳು ಬದಲಾಯಿಸುತ್ತಿದ್ದಿರಾ ಚಿಕ್ಕಪ್ಪ?

ಚಿಕ್ಕಪ್ಪ: ಈ ಸಂದೇಶವನ್ನು ಅಳಿಸಲಾಗಿದೆ

ಭಾವ: ಅಳಿಸುವ ಮೊದಲು ಓದಿದ್ದೇನೆ ಮಾವ. ಆ ಮಾತು ಬೇಡವಾಗಿತ್ತು.

ದೊಡ್ಡಪ್ಪ: ಹಿರಿಯರು ಕಿರಿಯರು ಎನ್ನುವುದು ಎರಡೂ ಕಡೆ ಇರಬೇಕು. ಒಬ್ಬ ಕಳ್ಳನಿಗಾಗಿ ಮನೆಯವರು ಕಿತ್ತಾಡುವುದೇ?

ಇಲ್ಲಿಗೆ ನನಗೆ ತಡೆಯಲಾಗಲಿಲ್ಲ. ಈ ಧಾರಾವಾಹಿಯನ್ನು ನಾನು ಮೂರು ಸಲ ಮೊದಲಿನಿಂದ ಕೊನೆಯವರೆಗೆ ನೋಡಿದ್ದೇನೆ. ಬರೆದೆ:

ನಾನು: ಚಿಕ್ಕಪ್ಪ, ನೀವು ಕಳುಹಿಸಿದ್ದನ್ನು ನೀವೇ ಪೂರ್ತಿ ಓದಿಲ್ಲ. 2021ರ ಸಂದರ್ಶನದಲ್ಲಿ ಚೇಸ್ ಹೇಳಿದ್ದು ಮೊದಲು ಮನಸ್ಸಿನಲ್ಲಿದ್ದ ಬೇರೊಂದು ದೃಶ್ಯದ ಬಗ್ಗೆ. ಟೋನಿ ನ್ಯೂಜೆರ್ಸಿಯಿಂದ ನ್ಯೂಯಾರ್ಕಿಗೆ ಒಂದು ಭೇಟಿಗೆ ಕಾರಿನಲ್ಲಿ ಹೋಗುತ್ತಾನೆ, ಅಲ್ಲಿ ಅವನ ಕೊಲೆಯಾಗುತ್ತದೆ. ಪ್ರತಿ ಕಂತಿನ ಆರಂಭದಲ್ಲಿ ಲಿಂಕನ್ ಸುರಂಗದಿಂದ ಮನೆಯ ಕಡೆಗೆ ಬರುವ ಕಾರನ್ನು ನೋಡುತ್ತೇವಲ್ಲ, ಅದಕ್ಕೆ ವಿರುದ್ಧ ದಿಕ್ಕು. ಆ ದೃಶ್ಯವನ್ನು ಅವರು ಕೈಬಿಟ್ಟರು. ಬಿಟ್ಟದ್ದನ್ನು ತೋರಿಸಿ, ಇಟ್ಟದ್ದರ ಅರ್ಥ ಇದೇ ಎನ್ನುವುದು ಹೇಗೆ ಸರಿ? ಅಕ್ಕಾ, 2014ರಲ್ಲಿ ನೀನು ಹಾಕಿದ್ದೂ ಇಂಥದ್ದೇ. ಚೇಸ್ “ಸತ್ತಿಲ್ಲ” ಎಂದರೆಂದು ಒಂದು ಲೇಖನ ಬಂತು. ಅವರ ಮಾತನ್ನು ತಪ್ಪಾಗಿ ಅರ್ಥ ಮಾಡಿಕೊಳ್ಳಲಾಗಿದೆ, ಟೋನಿ ಬದುಕಿದ್ದಾನೋ ಸತ್ತಿದ್ದಾನೋ ಎಂಬುದು ಮುಖ್ಯವೇ ಅಲ್ಲ ಎಂದು ಅವರ ಕಡೆಯಿಂದ ಕೂಡಲೇ ಹೇಳಿಕೆ ಬಂತು. ಅದನ್ನು ನೀನು ಹಾಕಲಿಲ್ಲ.

ಅಕ್ಕ: ನನ್ನನ್ನು ಯಾಕೆ ಎಳೆಯುತ್ತೀಯ? ನಾನು ನಿನ್ನ ಪರ ಮಾತನಾಡುತ್ತಿದ್ದೆ.

ಭಾವ: ಆ ಹೇಳಿಕೆಯ ಮೂಲ?

ನಾನು: ಹುಡುಕಿದರೆ ಸಿಗುತ್ತದೆ ಭಾವ. ಅದಕ್ಕಿಂತ ಮೊದಲು ಕೊನೆಯ ನಾಲ್ಕೈದು ನಿಮಿಷ ನೋಡು. ಟೋನಿ ಒಬ್ಬನೇ ಬಂದು ಕೂರುತ್ತಾನೆ, ಮೇಜಿನ ಮೇಲಿನ ಜೂಕ್‌ಬಾಕ್ಸ್‌ನಲ್ಲಿ ಹಾಡು ಹುಡುಕುತ್ತಾನೆ. ಬಾಗಿಲ ಗಂಟೆ ಸದ್ದಾದಾಗಲೆಲ್ಲ ತಲೆ ಎತ್ತುತ್ತಾನೆ. ಹೆಂಡತಿ ಬರುತ್ತಾಳೆ. ಮಗ ಬರುತ್ತಾನೆ, ಅವನ ಮುಂದೆಯೇ ಜಾಕೆಟ್ ತೊಟ್ಟ ಅಪರಿಚಿತನೊಬ್ಬ ಒಳಬಂದು, ಕೂತು, ಆಮೇಲೆ ಎದ್ದು ಇವರ ಮೇಜಿನ ಪಕ್ಕದಲ್ಲೇ ಶೌಚಾಲಯಕ್ಕೆ ಹೋಗುತ್ತಾನೆ. ಹೊರಗೆ ಮಗಳು ಕಾರು ನಿಲ್ಲಿಸಲು ಹೆಣಗುತ್ತಿದ್ದಾಳೆ: ಮುಂದೆ, ಹಿಂದೆ, ಮತ್ತೆ ಮುಂದೆ. ಒಂದು ಮಾಮೂಲಿ ಸಂಜೆ. ಆದರೆ ನಮಗೆ ಉಸಿರು ಕಟ್ಟುತ್ತದೆ, ಯಾಕೆಂದರೆ ಒಳಬರುವ ಒಬ್ಬೊಬ್ಬರನ್ನೂ ನಾವು ಟೋನಿಯ ಕಣ್ಣಿನಿಂದ ನೋಡುತ್ತಿದ್ದೇವೆ. ದೊಡ್ಡಪ್ಪ, ನೀವು ಕೇಳಿದ ಶಿಕ್ಷೆ ಅಲ್ಲಿಯೇ ಇದೆ. ಗುಂಡು ಹಾರಲಿ, ಹಾರದಿರಲಿ, ಬದುಕಿರುವಷ್ಟು ದಿನವೂ ಅವನು ಆ ಬಾಗಿಲನ್ನು ನೋಡುತ್ತಲೇ ಇರಬೇಕು.

ಗುಂಪು ಸ್ವಲ್ಪ ಹೊತ್ತು ಸುಮ್ಮನಿತ್ತು.

ದೊಡ್ಡಪ್ಪ: ಇದನ್ನು ನೀನು ಚೆನ್ನಾಗಿ ಹೇಳಿದೆ. ಆದರೂ ನ್ಯಾಯಾಲಯದ ಶಿಕ್ಷೆ ಬೇರೆ.

ಚಿಕ್ಕಪ್ಪ: ದೋಣಿಯಲ್ಲಿ ಟೋನಿಯ ಅಕ್ಕನ ಗಂಡ ಬಾಬಿ ಹೇಳುವ ಮಾತು? ಸಾವು ಬಂದಾಗ ಏನೂ ಕೇಳಿಸುವುದಿಲ್ಲವೇನೋ ಎಂದು? ಕೊನೆಯ ಕಂತಿಗೆ ಮೊದಲಿನ ಕಂತಿನಲ್ಲಿ ಅದನ್ನೇ ಮತ್ತೆ ತೋರಿಸುತ್ತಾರೆ. ಹಾಡು ಅರ್ಧದಲ್ಲೇ ತುಂಡಾಗಿ, ಸದ್ದೂ ಇಲ್ಲದೆ ಹತ್ತು ಸೆಕೆಂಡು ಕಪ್ಪು. ಅದು ಸಾವಲ್ಲದೆ ಇನ್ನೇನು? ನಾನು ಫಾರ್ವರ್ಡ್ ನಂಬಿ ಹೇಳುತ್ತಿಲ್ಲ.

ಅದು ಒಳ್ಳೆಯ ಮಾತು. ಆ ರಾತ್ರಿಯಿಡೀ ಕಥೆಯ ಬಗ್ಗೆ ಯಾರಾದರೂ ಆಡಿದ ನಿಜವಾದ ಮಾತು ಅದೊಂದೇ. ಇಷ್ಟು ಗಮನಿಸಿ ನೋಡಿದವರು ಆ ಫಾರ್ವರ್ಡನ್ನು ಯಾಕೆ ಹೊತ್ತು ತಂದರು ಎಂದು ನನಗೆ ಬೇಸರವಾಯಿತು. ಅವರು ಕಂಡದ್ದು ಅವರದೇ ಆಗಿತ್ತು. ಅದಕ್ಕೆ ಬೇರೆಯವರ ಮೊಹರು ಬೇಕಿರಲಿಲ್ಲ.

ಅಕ್ಕ: ಆ ಹೋಟೆಲಿನ ಮೇಜು, ಆಸನವನ್ನು 2024ರಲ್ಲಿ ಹರಾಜು ಹಾಕಿದರಂತೆ. 82,600 ಡಾಲರ್! ನಾವು ನೋಡಿದ ಟಿ.ವಿ. ಈಗ ಎಲ್ಲಿದೆ?

ಅತ್ತೆ: ಅದನ್ನು ನಿಮ್ಮ ಚಿಕ್ಕಪ್ಪನೇ ಕೇಳದೆ ಕೊಟ್ಟುಬಿಟ್ಟ.

ಚಿಕ್ಕಪ್ಪ: ಅಕ್ಕಾ, ಅದು ಕೆಟ್ಟಿತ್ತು.

ಅತ್ತೆ: ನೀನು ಹೊಡೆದು ಕೆಡಿಸಿದ್ದೆ.

ಟಿ.ವಿ. ಕೆಟ್ಟದ್ದು ಯಾವಾಗ, ಯಾರಿಂದ ಎಂಬುದರ ಮೇಲೆ ಮುಂದಿನ ನಲವತ್ತು ಸಂದೇಶಗಳು ನಡೆದವು. ಅವನ್ನು ಬಿಟ್ಟಿದ್ದೇನೆ. ಹನ್ನೊಂದು ಗಂಟೆಗೆ ಎಲ್ಲರೂ ಮಲಗಿದರು. ಹನ್ನೊಂದೂ ಮುಕ್ಕಾಲಿಗೆ ಚಿಕ್ಕಪ್ಪ ಗುಂಪಿನಲ್ಲಲ್ಲ, ನನಗೊಬ್ಬನಿಗೇ ಬರೆದರು.

ಚಿಕ್ಕಪ್ಪ: ಆ ಪೆಟ್ಟಿಗೆಯನ್ನು ಸ್ನೇಹಿತ ವಾಪಸ್ ಕೇಳಲೇ ಇಲ್ಲ. ಅದು ನಿನ್ನ ಹತ್ತಿರವೇ ಇದೆಯೇ?

ನಾನು: ಇದೆ ಚಿಕ್ಕಪ್ಪ.

ಚಿಕ್ಕಪ್ಪ: ಕೊನೆಯ ಡಿಸ್ಕಿನ ಮೇಲೆ ಗೀರು ಇದೆಯೇ ನೋಡು.

ನಾನು ಎದ್ದು ಹೋಗಿ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ.

ನಾನು: ಇಲ್ಲ ಚಿಕ್ಕಪ್ಪ. ಅವತ್ತೂ ಇರಲಿಲ್ಲ.

ಚಿಕ್ಕಪ್ಪ: ಹೌದು. ನಾನೇ ದೀಪಕ್ಕೆ ಹಿಡಿದು ನೋಡಿದ್ದೆ.